ಹುಲಿಕೆರೆಯಿಂದ ಬಂದ ಅನುಮತಿ

ದೆವ್ವ, ಪೀಡೆ ಎಂದವರಿಗೆಲ್ಲ ‘ರಾತ್ರಿ ಏನು ತಿಂದು ಮಲಗಿದ್ರಿ?’ ಎಂದು ಕೇಳುವ ಜಾಯಮಾನ ನನ್ನದು. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಅರಸೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ ನಡೆದ ಒಂದು ಸಂಗತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಲ್ಯಾಬಿನ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ತಂದವರು ನನಗಿಂತ ಹಿರಿಯರಾದ ಕೇಶವ ಮೇಷ್ಟ್ರು. ಒಂದೊಂದು ಕಂಪ್ಯೂಟರಿಗೂ ಸುತ್ತಲಿನ ಊರುಗಳ ಹೆಸರಿಟ್ಟಿದ್ದರು. ತಾವು ಬಳಸುತ್ತಿದ್ದುದಕ್ಕೆ ತಮ್ಮೂರು ಹುಲಿಕೆರೆಯದೇ ಹೆಸರು. ಆ ವರ್ಷ ಮೇಷ್ಟ್ರು ಕಾಲೇಜಿನ ತಮ್ಮ ಕೋಣೆಯಲ್ಲೇ, ಕೂತ ಕುರ್ಚಿಯಲ್ಲೇ ತೀರಿಕೊಂಡರು. ‘ಧನಿಷ್ಠಾ ಪಂಚಕ, ನಕ್ಷತ್ರ ಸರಿಯಿಲ್ಲ, ಕೆಲವು ತಿಂಗಳು ಆ ಕೋಣೆ ಮುಚ್ಚಿರಬೇಕು’ ಎಂದು ಪುರೋಹಿತರು ಹೇಳಿದ್ದೇ ತಡ, ಪ್ರಿನ್ಸಿಪಾಲರು ಬೀಗ ಹಾಕಿಸಿಬಿಟ್ಟರು. ಮನೆಗೆ ಮಾಡುವುದನ್ನು ಕಾಲೇಜಿಗೂ ಮಾಡುವುದುಂಟೇ ಎಂದು ನಾನು ರೇಗಾಡಿದೆ. ಯಾರು ಕೇಳುತ್ತಾರೆ? ಹುಲಿಕೆರೆ ಒಳಗೇ ಉಳಿಯಿತು. ಬೀಗ ಬೀಳುವ ಮುಂಚೆ ಅದರ ಕರೆಂಟಿನ ವೈರು, ನೆಟ್‌ವರ್ಕ್ ವೈರು ಎರಡನ್ನೂ ಕಿತ್ತು ಸುತ್ತಿ ಮೇಜಿನ ಮೇಲಿಟ್ಟವನು ನಾನೇ.

ಪ್ರಾಯೋಗಿಕ ಪರೀಕ್ಷೆಯ ದಿನ ಲ್ಯಾಬಿನಲ್ಲಿ ಸವಿತಾ ಎಂಬ ವಿದ್ಯಾರ್ಥಿನಿಯ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಮೇಷ್ಟ್ರ ಕೈಕೆಳಗೆ ಮಾಡಿದ್ದ ಪ್ರಾಜೆಕ್ಟ್ ಅದು. ಲಿನಕ್ಸಿನಲ್ಲಿ ಪರದೆಯ ಮೇಲೆ ಒಂದು ವಿಂಡೋ ಮೂಡಬೇಕಾದರೂ ಅನುಮತಿ ಬೇಕು. ಬಳಸುವವರ ಹೆಸರಿನಲ್ಲಿ ಅಡಗಿರುವ ಒಂದು ಫೈಲಿನಲ್ಲಿ ಆ ಅನುಮತಿ ಇರುತ್ತದೆ. ಅನುಮತಿ ಯಾವ ಕಂಪ್ಯೂಟರಿನದು ಎಂದು ಅದರ ಹೆಸರೂ ಅಲ್ಲೇ ಇರುತ್ತದೆ. ಸವಿತಾಳ ಫೈಲು ಕೆಟ್ಟಿದೆಯೆಂದು ಅಳಿಸಿದೆ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದೆ, ಯಂತ್ರವನ್ನೇ ಆರಿಸಿ ಹಚ್ಚಿದೆ. ಅನುಮತಿಯಿಲ್ಲ ಎಂಬ ಅದೇ ಇಂಗ್ಲಿಷ್ ಸಾಲು.

“ಇನ್ನೂ ಎಷ್ಟೊತ್ತು ರೀ? ಸಂಜೆ ನನಗೆ ಟ್ರೈನಿದೆ,” ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕರು.

ಸವಿತಾ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ಸಾರ್, ಈ ವರ್ಷ ಪಾಸಾಗ್ದಿದ್ರೆ ಓದಿದ್ದು ಸಾಕು ಅಂದವ್ರೆ ನಮ್ಮಪ್ಪ. ಏನಾದ್ರೂ ಮಾಡಿ ಸಾರ್,” ಎಂದಳು.

ಕೊನೆಯದಾಗಿ ಆ ಫೈಲನ್ನು ಇನ್ನೊಮ್ಮೆ ಅಳಿಸಿ, ಅಳಿಸಿಹೋಗಿದೆ ಎಂದು ನೋಡಿಕೊಂಡು, ಆಗುವುದಿಲ್ಲವೆಂದು ಪರೀಕ್ಷಕರಿಗೆ ಹೇಳಲು ಎದ್ದೆ. ಹಿಂದಿನಿಂದ ಸವಿತಾ “ಬಂತು ಸಾರ್” ಎಂದಳು. ತಿರುಗಿ ನೋಡಿದರೆ ಅವಳ ಪ್ರಾಜೆಕ್ಟ್ ಪರದೆಯ ತುಂಬ ತೆರೆದುಕೊಂಡಿತ್ತು. ಅವಳು ಕೈಕಟ್ಟಿ ನಿಂತಿದ್ದಳು.

ಎಲ್ಲವನ್ನೂ ಚೆನ್ನಾಗಿ ತೋರಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಪರೀಕ್ಷಕರು “ಪಾಸಮ್ಮ, ಹೋಗು” ಎಂದು ನಕ್ಕು ಸ್ಟೇಷನ್ನಿಗೆ ಹೊರಟರು. ಆಮೇಲೆ ನಾನೊಬ್ಬನೇ ಕೂತು ನೋಡಿದೆ. ಅಳಿಸಿದ್ದ ಫೈಲು ಮತ್ತೆ ಬಂದಿತ್ತು. ಒಳಗೆ ಒಂದೇ ಸಾಲು. ಅನುಮತಿ ಹುಲಿಕೆರೆಯದು.

ನಿಜ ಹೇಳುತ್ತೇನೆ, ಹೆದರಿದೆ. ಹಳೆಯದೇನೋ ಎಲ್ಲೋ ಉಳಿದಿತ್ತೆನ್ನಲೇ? ಉಳಿದಿದ್ದರೂ ಒಂದು ಯಂತ್ರದ ಅನುಮತಿ ಇನ್ನೊಂದರ ಪರದೆಗೆ ನಡೆಯುವುದಿಲ್ಲ. ಮುಂದೆ ತಿಳಿದವರನ್ನು ಕೇಳಿದಾಗ, ‘ಗಾಬರೀಲಿ ನೀನೇ ತಪ್ಪು ನೋಡಿದೀಯ’ ಎಂದರು. ಇದ್ದರೂ ಇರಬಹುದು.

ಅವತ್ತು ಮಾತ್ರ ನೇರ ಮೇಷ್ಟ್ರ ಕೋಣೆಯ ಕಡೆ ನಡೆದೆ. ಬೀಗ ಹಾಗೇ ಇತ್ತು. ಕಿಟಕಿಯ ಗಾಜಿನಲ್ಲಿ ಇಣುಕಿದರೆ ಸುತ್ತಿಟ್ಟ ವೈರುಗಳೂ ಮೇಜಿನ ಮೇಲೆ ಹಾಗೇ ಇದ್ದವು. ಅಷ್ಟರಲ್ಲಿ ಸವಿತಾ ಬಂದಳು. ನಾನು ಕಂಡದ್ದನ್ನು ಅವಳಿಗೆ ಹೇಳಿರಲಿಲ್ಲ, ಈಗಲೂ ಹೇಳಿಲ್ಲ. ಅವಳು ಚಪ್ಪಲಿ ಬಿಟ್ಟು, ಮುಚ್ಚಿದ ಬಾಗಿಲಿಗೆ ಮುಖಮಾಡಿ ನಿಂತು, “ಸಾರ್, ಪಾಸಾದೆ. ಊರಿಗೆ ಹೋಗಿ ಬತ್ತೀನಿ,” ಎಂದಳು.

ಒಳಗೆ ಯಾರೂ ಇಲ್ಲ ಕಣಮ್ಮ ಎನ್ನಲು ಬಾಯಿ ತೆರೆದೆ. ಆಮೇಲೆ ನಾನೂ ಚಪ್ಪಲಿ ಬಿಟ್ಟೆ.