ಹೇನಿನ ಹನ್ನೊಂದು ಪುಟ

ಜಗಳ ಶುರುವಾದದ್ದು ಮಗಳ ತಲೆಯ ಹೇನಿನಿಂದ. ಅದು ಶಿವಮೊಗ್ಗದ ಹೇನೋ ಭದ್ರಾವತಿಯ ಹೇನೋ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ.

ನಾನೂ ಹೆಂಡತಿಯೂ ಬೇರೆಯಾಗಿ ಆಗ ಎರಡು ವರ್ಷ. ಒಂಬತ್ತು ವರ್ಷದ ಮಗಳು ಭದ್ರಾವತಿಯಲ್ಲಿ ಅಮ್ಮನ ಜೊತೆ ಇದ್ದಳು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಮ್ಮ ಅವಳನ್ನು ಅಲ್ಲಿನ ಬಸ್ ನಿಲ್ದಾಣಕ್ಕೆ ಕರೆತಂದು ನನಗೆ ಒಪ್ಪಿಸಬೇಕು, ಭಾನುವಾರ ಸಂಜೆ ನಾನು ವಾಪಸ್ ಬಿಡಬೇಕು. ಆ ಶನಿವಾರ ಅಮ್ಮನ ಕೈಯಲ್ಲಿ ಮಗಳ ಬ್ಯಾಗಿನ ಜೊತೆ ಒಂದು ಹೇನಿನ ಬಾಚಣಿಗೆಯೂ ಇತ್ತು.

"ಏನ್ರೀ, ನಿಮ್ಮನೆ ದಿಂಬಿನ ಕವರ್ ಒಗೆದು ಎಷ್ಟು ತಿಂಗ್ಳಾಯ್ತು?"

"ಶಾಲೇಲಿ ಅವಳ ಪಕ್ಕ ಕೂರೋರ ತಲೆ ಮೊದ್ಲು ನೋಡು ಮಾರಾಯ್ತಿ."

ಇಷ್ಟು ನನಗೆ ಗ್ಯಾರಂಟಿ ನೆನಪಿದೆ. ಮುಂದಿನದಕ್ಕೆ ನನ್ನನ್ನು ನಂಬಬೇಡಿ. ಕೊನೆಗೆ ಮಗಳು ಅತ್ತಳು, ಬರುವುದಿಲ್ಲ ಎಂದಳು, ಅಮ್ಮನ ಜೊತೆ ಮನೆಗೆ ಹೋದಳು. ಆಮೇಲೆ ನಾಲ್ಕು ಶನಿವಾರ ಅವಳಿಗೆ ಹೊಟ್ಟೆನೋವು. ಅಮ್ಮನೇ ಹೇಳಿಕೊಟ್ಟಿದ್ದಾಳೆ ಎಂದು ನನಗೆ ಖಾತ್ರಿಯಿತ್ತು. ನಾನು ಶಿವಮೊಗ್ಗದಲ್ಲಿ ಮಗುವಿಗೆ ಏನೋ ಅಂದಿದ್ದೇನೆ ಎಂದು ಅವಳಿಗೆ ಖಾತ್ರಿಯಿತ್ತು. ಹೀಗೇ ಬಿಟ್ಟರೆ ಮಗಳು ಇನ್ನು ನನ್ನ ಮನೆಗೆ ಬರುವುದೇ ಇಲ್ಲ ಎಂಬ ಹೆದರಿಕೆ ಹತ್ತಿದಾಗ, ವಕೀಲರು ಹಿಂದೆಯೇ ಹೇಳಿದ್ದ ಆಪ್ತ ಸಮಾಲೋಚಕಿಯ ಬಳಿ ಇಬ್ಬರೂ ಹೋದೆವು.

ಕೋಟೆ ರಸ್ತೆಯ ಹತ್ತಿರ ಒಂದು ಮಹಡಿಯ ಮೇಲೆ ಅವರ ಕೋಣೆ. ಇಬ್ಬರ ಮುಂದೆಯೂ ಒಂದೊಂದು ನೀರಿನ ಚೊಂಬು ಇಟ್ಟರು. "ಇನ್ನೊಬ್ರು ಮಾತಾಡೋವಾಗ ಉತ್ತರ ಕೊಡಬೇಕು ಅನ್ಸಿದ್ರೆ ನೀರು ಕುಡೀರಿ. ಬಾಯಿ ತೆಗೀಬೇಡಿ." ಮೊದಲ ದಿನ ನನ್ನ ಚೊಂಬನ್ನು ಎರಡು ಸಲ ತುಂಬಿಸಬೇಕಾಯಿತು. ನಡುವೆ ಒಮ್ಮೆ ಎದ್ದು ಹೋಗಿಬರಲು ಅನುಮತಿಯನ್ನೂ ಕೇಳಿದೆ.

ಹೊರಡುವಾಗ ಮನೆಗೆಲಸ ಕೊಟ್ಟರು: ಆ ಶನಿವಾರ ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ಬರೆದುಕೊಂಡು ಬನ್ನಿ.

ಬರೆಯುವುದೇ? ನನಗೆ ಒಳಗೊಳಗೇ ಖುಷಿಯಾಯಿತು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಪಾಠ ಮಾಡುವವನು. ನಡೆದದ್ದು ಎಂಬುದೊಂದು ಇರುವುದೇ ಇಲ್ಲ, ಹೇಳಿದ್ದು ಮಾತ್ರ ಇರುತ್ತದೆ ಎಂದು ಎಂ.ಎ. ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು. ಒಂದು ವಾರ ಕೂತು ಹನ್ನೊಂದು ಪುಟ ಬರೆದೆ. ಮೂರು ನಿರೂಪಣೆಗಳು. ಮೊದಲನೆಯದರಲ್ಲಿ ಬಿಸಿಲು, ಎರಡನೆಯದರಲ್ಲಿ ಮೋಡ. ಮೂರನೆಯದನ್ನು ಹೇನೇ ಹೇಳುತ್ತದೆ: ಎರಡು ಊರುಗಳ ನಡುವೆ ವಾರವಾರ ಓಡಾಡುವ, ಯಾವ ಊರಿಗೂ ಸೇರದ ಒಂದು ಜೀವವಾಗಿ. ಅದನ್ನು ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೇನಿಗಾಗಿ.

ಮುಂದಿನ ವಾರ ಓದಿದೆವು. ಅವಳದು ಅರ್ಧ ಪುಟ. ನಾನು ಏನೇನು ಅಂದೆ ಎಂಬುದು ಅದರಲ್ಲಿ ಸಾಲಾಗಿತ್ತು. ಬಹುಪಾಲು ನಿಜವೇ. ನೀರು ಕುಡಿದೆ. ಆಮೇಲೆ ನಾನು ಹನ್ನೊಂದು ಪುಟವನ್ನೂ ಓದಿದೆ. ಹೇನಿನ ಭಾಗಕ್ಕೆ ಬಂದಾಗ ಅವಳು ತನ್ನ ಚೊಂಬನ್ನು ಎತ್ತಿದವಳು ಕೆಳಗಿಡಲೇ ಇಲ್ಲ.

ಮೇಡಂ ನನ್ನ ಹಾಳೆಗಳನ್ನು ತೆಗೆದುಕೊಂಡು ಮತ್ತೊಮ್ಮೆ ತಿರುವಿಹಾಕಿದರು. ಮೆಚ್ಚಿರಬೇಕು ಎಂದುಕೊಂಡೆ.

"ಹೇನು ಎಲ್ಲಿತ್ತು ಅಂತ ಚೆನ್ನಾಗ್ ಬರ್ದಿದೀರಿ ಸರ್. ಮಗು ಎಲ್ಲಿತ್ತು?"

"ನನ್ನ ಪಕ್ಕದಲ್ಲೇ" ಎಂದೆ.

"ಇಲ್ಲ ಮೇಡಂ, ನನ್ನ ಕೈ ಹಿಡ್ಕೊಂಡಿದ್ಲು" ಎಂದಳು ಅವಳು.

"ಬಾಚಣಿಗೆ ಒಂದ್ ಕೈಲಿ, ಬ್ಯಾಗ್ ಇನ್ನೊಂದ್ ಕೈಲಿ ಅಂತ ನೀವೇ ಬರ್ದಿದೀರಲ್ಲಮ್ಮ?"

ಇಬ್ಬರೂ ನೀರು ಕುಡಿದೆವು.

"ಈ ಶನಿವಾರ ಮಗೂನ ಕರ್ಕೊಂಡ್ ಹೋಗ್ಬೇಡಿ ಸರ್. ನೀವೇ ಭದ್ರಾವತಿಗೆ ಹೋಗಿ ಒಂದು ಗಂಟೆ ಕೂತ್ ಬನ್ನಿ. ಅವತ್ತಿನ ವಿಷ್ಯ ಕೇಳೋ ಹಾಗಿಲ್ಲ."

ಹೋದೆ. ಮನೆಯ ಹತ್ತಿರದ ಪಾರ್ಕಿನಲ್ಲಿ ಮಗಳೂ ನಾನೂ ಮಂಡಕ್ಕಿ ತಿನ್ನುತ್ತ ಕೂತೆವು. ಮಾತು ತೋಚದೆ, ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಿ ಬರೋಣವಾ ಎಂದೆ. "ಹೋದ್ಸಲನೂ ಅದೇ, ಅದರ ಹಿಂದಿನ ಸಲನೂ ಅದೇ. ಅದು ಮಲಗೇ ಇರತ್ತಪ್ಪಾ" ಎಂದಳು. ಸುಮ್ಮನೆ ಕೂರಲು ನನಗೆ ಅಭ್ಯಾಸವಿಲ್ಲ. ಒಂದೊಂದೇ ಶೇಂಗಾ ಹೆಕ್ಕಿ ತಿಂದೆ. ಪೊಟ್ಟಣ ಮುಗಿಯುತ್ತ ಬಂದಾಗ ಅವಳು ಪೊಟ್ಟಣಕ್ಕೇ ಹೇಳುವಂತೆ ಹೇಳಿದಳು.

"ನಾನ್ ಅವತ್ತು ಸೀಟ್ ಹಿಡ್ದಿದ್ದೆ."

ನಾವು ಜಗಳವಾಡುತ್ತಿದ್ದಾಗ ಶಿವಮೊಗ್ಗದ ಬಸ್ಸು ಬಂದಿತ್ತು. ಜನ ನುಗ್ಗಿದರು. ಶನಿವಾರದ ಬಸ್ಸಿನಲ್ಲಿ ನನಗೆ ಯಾವಾಗಲೂ ಸೀಟು ಸಿಗುವುದಿಲ್ಲವೆಂದು ಅವಳೂ ನುಗ್ಗಿ, ಒಂದು ಸೀಟಿನಲ್ಲಿ ತಾನು ಕೂತು ಇನ್ನೊಂದರ ಮೇಲೆ ತನ್ನ ಕರ್ಚೀಫ್ ಹಾಕಿದ್ದಳು.

"ಒಬ್ರು ಆಂಟಿ ಎತ್ತು ಅಂದ್ರು. ಇಲ್ಲ, ನಮ್ಮಪ್ಪ ಬರ್ತಾರೆ ಅಂದೆ. ಬಸ್ ಹೊರಟೇಬಿಡ್ತು."

ನಿಲ್ದಾಣದ ಗೇಟಿನ ಹತ್ತಿರ ಕಂಡಕ್ಟರ್ ಜೊತೆಗೆ ಯಾರಿದ್ದಾರೆಂದು ಕೇಳಿ, ಸೀಟಿ ಊದಿ ಇಳಿಸಿದನಂತೆ. ಅವಳೊಬ್ಬಳೇ ನಡೆದು ವಾಪಸ್ ಬಂದಳಂತೆ. ನಾವು ಇನ್ನೂ ದಿಂಬಿನ ಕವರಿನಲ್ಲೇ ಇದ್ದೆವು. ಅಳು ಬಂದದ್ದು ಆಗ.

"ಅಮ್ಮಂಗೆ ಹೇಳಿದೀಯಾ?"

"ನೀನೇ ಹೇಳು. ನಾನ್ ಯಾಕ್ ಹೇಳ್ಬೇಕು?"

ಮನೆ ಬಾಗಿಲಲ್ಲಿ ನಿಂತು ಅವಳ ಅಮ್ಮನಿಗೆ ಹೇಳಿದೆ. ಏಳೆಂಟು ವಾಕ್ಯ ಹಿಡಿಯಿತು. ಒಂದೇ ನಿರೂಪಣೆ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಗೇಟ್ ದಾಟಿತ್ತಂತಾ?"

"ಅಷ್ಟೊತ್ತಿಗೆ ನಿಲ್ಸಿದ್ರಂತೆ."

ಯಾರದು ತಪ್ಪು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳು ಒಳಗೆ ಹೋಗಿ ನನಗೂ ಒಂದು ಲೋಟ ನೀರು ತಂದುಕೊಟ್ಟಳು ಎಂದು ಬರೆಯಬೇಕೆನಿಸುತ್ತಿದೆ. ತರಲಿಲ್ಲ.

ಮುಂದಿನ ಶನಿವಾರ ಮಗಳು ನಿಲ್ದಾಣಕ್ಕೆ ಬಂದಳು. ಅಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತಳು. ಬಸ್ಸು ಬಂತು. ಜನ ನುಗ್ಗಿದರು. ಮಗಳು ಕದಲಲಿಲ್ಲ. "ಹತ್ತು ಪುಟ್ಟಿ, ಸೀಟ್ ಹೋಗತ್ತೆ" ಎಂದೆ.

"ನೀನ್ ಮೊದ್ಲು ಹತ್ತು" ಎಂದಳು.

ಹತ್ತಿದೆ. ಮೆಟ್ಟಿಲಲ್ಲೇ ತಿರುಗಿ ನಿಂತೆ. ಹಿಂದಿದ್ದವರು ಬೈದರು. ಅವಳು ಒಮ್ಮೆ ಅಮ್ಮನ ಕಡೆ, ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಹತ್ತಿದಳು. ಶಿವಮೊಗ್ಗದವರೆಗೂ ಇಬ್ಬರೂ ನಿಂತೇ ಬಂದೆವು.