ಬರೋ ಟಿಕೇಟು ಯಾರ ಕೈಲೈತೆ?

ಆಯಮ್ಮ ಎರಡು ಪಾದಗಳನ್ನೂ ಅಗಲವಾಗಿ ಊರಿ ನಡೆಯುತ್ತಿದ್ದಳು, ಕಾಲ ಕೆಳಗಿನ ನೆಲ ಯಾವ ಗಳಿಗೆಯಲ್ಲಾದರೂ ಒಂದು ಕಡೆಗೆ ವಾಲಿಬಿಡಬಹುದು ಎನ್ನುವ ಹಾಗೆ. ಮಧುಗಿರಿಯಲ್ಲಿ ವಾಲುವ ನೆಲ ಎಲ್ಲಿಂದ ಬರಬೇಕು? ಊರಿಗೆ ಊರೇ ಬಂಡೆಯ ಬುಡದಲ್ಲಿ ಕೂತಿದೆ. ಬೀದಿಯ ಮಕ್ಕಳು ಅವಳ ಹಿಂದೆ ಸಾಲಾಗಿ ಕಾಲು ಅಗಲಿಸಿಕೊಂಡು ನಡೆದು ನಗುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ. ಸೆರಗನ್ನು ಭುಜಕ್ಕೆ ದಪ್ಪ ಪಿನ್ನಿನಿಂದ ಚುಚ್ಚಿರುತ್ತಿದ್ದಳು. ಕೊರಳಲ್ಲಿ ಕರಿದಾರಕ್ಕೆ ಅಂಗೈ ಅಗಲದ ಒಂದು ಮೇಣಬಟ್ಟೆಯ ಚೀಲ ತೂಗುತ್ತಿತ್ತು. ಅದರಲ್ಲಿ ಯಾವುದೋ ಮಂತ್ರದ ತಾಯಿತ ಇದೆ ಎಂದು ಊರಿನವರ ನಂಬಿಕೆ.

ಬೆಂಗಳೂರಿನ ದಂಡಿನಲ್ಲಿ ಬಿಳಿಯ ದೊರೆಗಳ ಮಕ್ಕಳನ್ನು ಸಾಕುವ ಆಯಾ ಆಗಿದ್ದವಳು. ಆ ಮಕ್ಕಳನ್ನು ಎತ್ತಿಕೊಂಡು ನಾಲ್ಕು ಸಲ ಸಮುದ್ರದಾಚೆಯ ದೊರೆಗಳ ಸೀಮೆಗೆ ಹೋಗಿ ನಾಲ್ಕು ಸಲ ಬಂದಿದ್ದಳು. ಮೈಯಲ್ಲಿ ಶಕ್ತಿ ಕುಗ್ಗಿದ ಮೇಲೆ ಊರಿಗೆ ಹಿಂತಿರುಗಿ, ಪೇಟೆಯ ಹಿಂದಿನ ಒಂದು ಕೋಣೆಯಲ್ಲಿದ್ದುಕೊಂಡು ಹಸುಗೂಸುಗಳಿಗೆ ನೀರು ಹಾಕಿ ಬದುಕುತ್ತಿದ್ದಳು. ಊರಿನ ಅರ್ಧ ಮಕ್ಕಳು ಅವಳು ಚಾಚಿದ ಕಾಲಿನ ಮೇಲೆ ಮಲಗಿ ಎಣ್ಣೆನೀರು ಕಂಡವು. ನನ್ನ ಮಗಳೂ ಕಂಡಳು. ಆದರೂ ಆಯಮ್ಮ ನಮ್ಮ ಮನೆಗೆ ಬರಬೇಕಾದದ್ದು ಹಿತ್ತಲ ಬಾಗಿಲಿನಿಂದ, ನಿಲ್ಲಬೇಕಾದದ್ದು ಬಚ್ಚಲ ಹೊಸಿಲಿನವರೆಗೆ. ಅವಳು ಹೋದ ಮೇಲೆ ನಮ್ಮತ್ತೆ ಅಲ್ಲಿಗೆ ಒಂದು ಕೊಡ ನೀರು ಸುರಿಯುತ್ತಿದ್ದರು. "ದೊರೆಗಳ ಎಂಜಲು ತಿಂದವಳು," ಎನ್ನುತ್ತಿದ್ದರು. ಆ ಎಂಜಲು ತಿಂದವಳ ಕೈಯಿಂದಲೇ ಮೊಮ್ಮಗಳ ನೆತ್ತಿಗೆ ಎಣ್ಣೆ ಒತ್ತಿಸಿಕೊಳ್ಳಲು ಮಾತ್ರ ಅಡ್ಡಿಯಿರಲಿಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ವಕೀಲರ ಮಗ ಒಬ್ಬ ಸೀಮೆಗೆ ಹೋಗಿ ಓದಿ ಬಂದಾಗ ನಮ್ಮೂರಿನಲ್ಲಿ ವಾಲಗ ಊದಿಸಿ, ತೋರಣ ಕಟ್ಟಿ, ಸಮುದ್ರ ದಾಟಿದ ಮಧುಗಿರಿಯ ಮೊದಲಿಗ ಎಂದು ಹಾರ ಹಾಕಿದರು. ಅವನು ಹುಟ್ಟುವ ಮೊದಲೇ ಸಮುದ್ರ ದಾಟಿ ಬಂದವಳು, ಅವನಿಗೆ ನೀರು ಹಾಕಿದವಳು, ಅವರ ಬೀದಿಯಲ್ಲೇ ಬಾಳಿದ್ದಳು. ಅವಳು ಯಾರ ಲೆಕ್ಕಕ್ಕೂ ಬರಲಿಲ್ಲ. ಹೋದವನು ಓದುವುದಕ್ಕೆ ಹೋದದ್ದು, ಇವಳು ಹೋದದ್ದು ಮಗು ಎತ್ತುವುದಕ್ಕೆ ತಾನೇ ಎಂದು ಕೇಳುವವರಿದ್ದಾರೆ. ಮಗು ಎತ್ತಿಕೊಂಡವಳಿಗೆ ಸಮುದ್ರ ಚಿಕ್ಕದಾಗುತ್ತದೆಯೇ?

ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಮಗಳು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಗಂಡನ ಅಣ್ಣ, ನನ್ನ ಭಾವ, ರಂಗೂನಿನಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ನನ್ನ ಮಗಳಿಗೆ ಎರಡೂವರೆ ವರ್ಷವಾದಾಗ ಅವರು ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವಳಿಗೆ ಆಗ ನಾಲ್ಕು ತಿಂಗಳ ಬಸಿರು. ಆ ಪರದೇಶದಲ್ಲಿ ಬಾಣಂತನ ಮಾಡುವವರು ಯಾರು? ಮನೆಯಲ್ಲಿ ಗಂಡನಿಲ್ಲದವಳು ಒಬ್ಬಳಿದ್ದಾಳಲ್ಲ, ಅವಳು. ಹಾಗೆಂದು ಅತ್ತೆಯೂ ಭಾವನೂ ಪಡಸಾಲೆಯಲ್ಲಿ ಕೂತು ತೀರ್ಮಾನ ಮಾಡಿದರು. ಮಗಳು ಅತ್ತೆಯ ಹತ್ತಿರ ಇರಬೇಕು, ನಾನು ಹಡಗು ಹತ್ತಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಭಾವ ಅಂತೂ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವವರೇ ಅಲ್ಲ. ಎದುರಿಗೇ ನಾನು ನಿಂತಿದ್ದರೂ ಗೋಡೆಗೆ ಹೇಳುವ ಹಾಗೆ, "ಅವಳಿಗೆ ಹೇಳಿ, ಸೋಮವಾರ ಹೊರಡೋದು ಅಂತ," ಎಂದರು.

ಹಿತ್ತಲಲ್ಲಿ ಆಯಮ್ಮನಿಗೆ ವಿಷಯ ಹೇಳಿದೆ. ಅಳುತ್ತೀಯಾ ಎಂದಾಗಲಿ, ಎಷ್ಟು ದಿನ ಎಂದಾಗಲಿ ಅವಳು ಕೇಳಲಿಲ್ಲ.

"ಬರೋ ಟಿಕೇಟು ಯಾರ ಕೈಲೈತೆ?" ಎಂದಳು.

ನನಗೆ ಅರ್ಥವಾಗಲಿಲ್ಲ. ಮನೆಯವರೇ ಕರೆದುಕೊಂಡು ಹೋಗುವಾಗ ಮನೆಯವರೇ ಕಳಿಸುತ್ತಾರಲ್ಲ ಎಂದೆ. ಅವಳು ಕಲ್ಲಿನ ಮೇಲೆ ಕೂತು ಸೆರಗಿನಿಂದ ಕೈ ಒರೆಸಿಕೊಂಡಳು.

"ನಾನೂ ಅಂಗೇ ಅಂದ್ಕಂಡಿದ್ದೆ ಕಣಮ್ಮ. ಮೊದಲ್ನೆ ಸಲ ದೊರೆಸಾನಿ ಮಗೀನ ಎತ್ಕಂಡು ಹೋದಾಗ, ಆ ಊರು ಮುಟ್ಟಿದ ಮೇಲೆ, ಇನ್ನು ನೀನು ಬ್ಯಾಡ, ಹೋಗು ಅಂದ್ಲು. ಹೆಂಗೆ ಹೋಗ್ಲಿ? ನಡ್ಕಂಡ್ ಹೋಗ್ಲಾ? ಅಲ್ಲೊಂದು ಮನೆ ಐತೆ, ನನ್ನಂಗೆ ದೊರೆಗಳು ಬುಟ್ಟುಹೋದ ಆಯಾಗಳಿಗೆ. ಯಾರಾದ್ರೂ ದೊರೆಗಳು ಇತ್ಲಾಗೆ ಬರೋರು ಮಗೀನ ಹೊರೋಕೆ ಆಳು ಬೇಕು ಅಂತ ಕೇಳೋಗಂಟ ಕಾಯಬೇಕು. ಕಾದೆ. ಒಂದೂಮುಕ್ಕಾಲು ವರ್ಷ ಕಾದೆ. ಇಲ್ಲಿ ನನ್ನ ಮಗಳು ಅಂಬೆಗಾಲು ಇಕ್ತಿದ್ದೋಳು, ನಾನು ಬರೋ ಹೊತ್ಗೆ ಓಡಾಡ್ತಿದ್ಲು. ನನ್ನ ನೋಡಿ ಅಜ್ಜಿ ಹಿಂದೆ ಬಚ್ಚಿಟ್ಕಂಡ್ಲು. ಇವತ್ಗೂ ನಮ್ಮವ್ವನ್ನೇ ಅವ್ವ ಅಂತಾಳೆ. ನನ್ನ ಊರೋರಂಗೆ ಆಯಾ ಅಂತಾಳೆ."

ಆ ಮಗಳನ್ನು ನಾನು ಬಲ್ಲೆ. ಸಿರಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಹಬ್ಬಕ್ಕೆ ಬಂದರೆ ಗೆಳತಿಯರ ಮನೆಯಲ್ಲಿ ಉಂಡು, ತಾಯಿಯ ಕೋಣೆಯ ಬಾಗಿಲಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದಳು. "ಅವಳಿಗೆ ಇದನ್ನೆಲ್ಲ ಹೇಳಲಿಲ್ಲವಾ?" ಎಂದೆ.

"ದೊರೆಗಳ ಜತೇಲಿ ಸುಖವಾಗಿ ಉಳ್ಕಂಡ್ಲು ಅಂತ ನಮ್ಮವ್ವ ಹೇಳ್ಬುಟ್ಟಿದ್ಲು. ಕೇಳಿದ್ರೆ ಹೇಳ್ತಿದ್ದೆ. ಅವಳು ಕೇಳ್ಲೇ ಇಲ್ಲ." ಆಮೇಲೆ ಕೊರಳಿನ ಚೀಲ ಹಿಡಿದು ಅಲ್ಲಾಡಿಸಿದಳು. "ಆಮೇಲೂ ಮೂರು ಸಲ ಹೋದೆ. ಮನೇಲಿ ನನಗೆ ಯಾರಿದ್ರು? ಆದ್ರೆ ಬರೋ ಟಿಕೇಟು ಇದ್ರೊಳಗೆ ಬಿದ್ದ ಮ್ಯಾಲೇನೇ ಕಾಲೆತ್ತಿದ್ದು."

ಉಳಿದ ನಾಲ್ಕು ದಿನ ಮಗಳಿಗೆ ನೀರು ಹಾಕುವ ನೆಪದಲ್ಲಿ ಬಂದು ನನಗೆ ಹಡಗಿನ ಪಾಠ ಮಾಡಿದಳು. ರೈಲು ತಪ್ಪಿದರೆ ನಾಳೆಯೊಂದು ರೈಲು, ಹಡಗು ತಪ್ಪಿದರೆ ಬಂದರಿನಲ್ಲೇ ವಾಸ, ಆದ್ದರಿಂದ ಒಂದು ದಿನ ಮುಂಚೆ ಹೋಗಿ ಸೇರಬೇಕು. ದೊಡ್ಡ ಪೆಟ್ಟಿಗೆಯನ್ನು ಹಡಗಿನ ಹೊಟ್ಟೆಗೆ ಇಳಿಸಿಬಿಡುತ್ತಾರೆ, ಊರು ಬರುವವರೆಗೆ ಅದು ಕೈಗೆ ಸಿಗುವುದಿಲ್ಲ, ಬೇಕಾದದ್ದೆಲ್ಲ ಕೈಗಂಟಿನಲ್ಲಿರಬೇಕು. ಕೋಣೆ ಇಲ್ಲದವರು ಮಲಗುವ ಹಡಗಿನ ಬಯಲು ಅಟ್ಟದ ಮೇಲೆ ಚಾಪೆ ಹಾಸುವಾಗ ನಡುಮಧ್ಯೆ ಹಾಸಬೇಕು. "ಏತ ನೋಡಿದ್ದೀಯಲ್ಲ, ತುದಿ ಮ್ಯಾಲಕ್ಕೋಗಿ ಕೆಳಕ್ಕೆ ಬೀಳ್ತೈತೆ, ನಡು ಅಂಗೇ ಇರ್ತೈತೆ," ಎಂದಳು. ತುಪ್ಪದ್ದು ಕರಿದದ್ದು ಮುಟ್ಟಬಾರದು. ಹುರಿಹಿಟ್ಟು, ನಿಂಬೆಹಣ್ಣು ಇದ್ದರೆ ಸಾಕು. ತಲೆ ತಿರುಗಿದರೆ ಪಕ್ಕದ ನೀರನ್ನು ನೋಡದೆ ನೀರು ಮುಗಿಯುವ ಗೆರೆ ನೋಡಬೇಕು. ಇದೆಲ್ಲ ಹೇಳಿ ಮುಗಿಸಿ ಪ್ರತಿದಿನವೂ ಕೊನೆಗೆ ಅದೇ ಮಾತು: "ಇದೆಲ್ಲ ಮರ್ತರೂ ವಾಂತಿ ಆಯ್ತೈತೆ ಅಷ್ಟೇಯ. ಟಿಕೇಟು ಮರ್ತರೆ ಬಾಳೇ ಹೋಯ್ತೈತೆ."

ಹೊರಡುವ ಹಿಂದಿನ ದಿನ ಅವಳು ಎಂದೂ ಮಾಡದ್ದನ್ನು ಮಾಡಿದಳು. ಮುಂಬಾಗಿಲಿಗೆ ಬಂದು ಜಗಲಿಯ ಮೇಲೆ ಕೂತಳು. ಭಾವ ಹೊರಗೆ ಬಂದರು.

"ಸ್ವಾಮಿ, ಈ ಹೆಣ್ಮಗೀಗೆ ಬರೋ ಟಿಕೇಟು ತಗಂಡು ಕೈಗೆ ಕೊಟ್ಬುಡಿ," ಎಂದಳು.

"ಏಳೇ ಮೇಲಕ್ಕೆ! ನಮ್ಮ ಮನೆ ಹೆಣ್ಣುಮಗಳ ವಿಚಾರ ನಿನಗ್ಯಾಕೆ?" ಭಾವನ ಮುಖ ಕೆಂಪಾಗಿತ್ತು. "ಅವಳೇನು ಕೂಲಿಯವಳಾ, ಟಿಕೇಟು ಕೈಲಿ ಇಟ್ಕೊಳ್ಳೋಕೆ? ಮನೆಯವಳು."

"ಕೂಲಿಯೋಳಾದ್ರೆ ಇಷ್ಟು ದಿನ ಅಂತಾದ್ರೂ ಇರ್ತೈತೆ ಸ್ವಾಮಿ. ಮನೆಯೋಳಿಗೆ ಅದೂ ಇರಕಿಲ್ಲ."

ಅತ್ತೆ ಒಳಗಿನಿಂದ ಕೊಡ ನೀರು ತಂದು ಅವಳು ಕೂತಿರುವಾಗಲೇ ಜಗಲಿಗೆ ಸುರಿದರು. ಆಯಮ್ಮನ ಸೀರೆ ತೊಯ್ದು ತೊಪ್ಪೆಯಾಯಿತು. ಅವಳು ಎದ್ದು, ಆ ಅಗಲ ಹೆಜ್ಜೆ ಹಾಕಿಕೊಂಡು, ಮನೆಯನ್ನು ಸುತ್ತಿ ಹಿತ್ತಲಿಗೆ ಬಂದಳು. ಕೊರಳಿನ ಚೀಲ ತೆಗೆದು ನನ್ನ ಕೊರಳಿಗೆ ಹಾಕಿದಳು. ಒಳಗೆ ತಾಯಿತ ಗೀಯಿತ ಏನೂ ಇರಲಿಲ್ಲ, ಖಾಲಿ. "ಇದು ತುಂಬೋಗಂಟ ಕಾಲೆತ್ತಬ್ಯಾಡ," ಎಂದಳು. ಅವಳ ಒದ್ದೆ ಸೀರೆಯನ್ನು ನೋಡಿ ನಾನು ಒಂದು ಮಾತೂ ಆಡಲಿಲ್ಲ. ಆಡಬೇಕಾಗಿತ್ತು.

ಗೌರಿಬಿದನೂರಿಗೆ ಮೋಟಾರು, ಅಲ್ಲಿಂದ ರೈಲು. ಒಂದು ದಿನ ಮುಂಚೆ ಹೋಗಬೇಕೆಂಬ ಮಾತನ್ನು ನಾನು ಅಕ್ಕನ ಕಿವಿಗೆ ಹಾಕಿದ್ದೆ, ಅವಳು ಅದನ್ನು ತನ್ನ ಬುದ್ಧಿಯೆಂಬಂತೆ ಗಂಡನಿಗೆ ಹೇಳಿ ಒಪ್ಪಿಸಿದ್ದಳು. ಮದರಾಸಿನ ಬಂದರಿನಲ್ಲಿ ಬೆಳಗ್ಗೆಯಿಂದಲೇ ಜನ ಹತ್ತಿಸಿಕೊಳ್ಳುತ್ತಿದ್ದರು, ಹಡಗು ಹೊರಡುವುದು ಸಂಜೆಗೆ. ಏಣಿಯ ಬುಡದಲ್ಲಿ ನಾನು ನನ್ನ ಗಂಟಿನ ಮೇಲೆ ಕೂತುಬಿಟ್ಟೆ. ಏನಾಯಿತು ಎಂದು ಅಕ್ಕ ಕೇಳಿದಳು. ಬರುವ ಟಿಕೇಟು ಎಂದೆ. ಭಾವ ಆಗ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಏಳು. ಮರ್ಯಾದೆ ತೆಗೀಬೇಡ."

ನಾನು ಏಳಲಿಲ್ಲ. ಮಗಳ ಮುಖ ಕಣ್ಣ ಮುಂದೆ ಇತ್ತು, ಅವಳು ಅತ್ತೆಯ ಹಿಂದೆ ಬಚ್ಚಿಟ್ಟುಕೊಂಡ ಹಾಗೆ. ಹೊತ್ತು ಏರಿತು. ಹಿಂದಿದ್ದ ಜನ ನನ್ನನ್ನು ದಾಟಿಕೊಂಡು, ಬೈದುಕೊಂಡು ಹತ್ತುತ್ತಿದ್ದರು. ಇವಳಿಲ್ಲದೆ ನಾನೂ ಹತ್ತುವುದಿಲ್ಲ ಎಂದು ಅಕ್ಕ ಅಳತೊಡಗಿದ ಮೇಲೆ ಭಾವ ಹಲ್ಲು ಕಡಿಯುತ್ತಾ ಕಂಪನಿಯ ಕಚೇರಿಗೆ ಹೋಗಿ ಬಂದು ಆ ಚೀಟಿಯನ್ನು ನನ್ನ ಮಡಿಲಿಗೆ ಎಸೆದರು. ಮಡಿಸಿ ಚೀಲದಲ್ಲಿಟ್ಟು ಎದ್ದೆ.

ಭಾವನೂ ಅಕ್ಕನೂ ಮೇಲಿನ ಕೋಣೆಯಲ್ಲಿ, ನಾನು ಅಟ್ಟದ ಮೇಲೆ, ನಡುಮಧ್ಯೆ. ಅತ್ತೆ ತುಂಬಿಕೊಟ್ಟಿದ್ದ ಎರಡು ಡಬ್ಬ ತುಪ್ಪದ ಉಂಡೆ ಅವರ ಕೋಣೆಗೆ ಹೋಗಿತ್ತು. ಮೊದಲ ದಿನವೇ ಅದೆಲ್ಲ ಎಲ್ಲಿಗೆ ಹೋಯಿತೆಂದು ಬರೆಯಬೇಕಿಲ್ಲ. ಭಾವನ ಔಷಧಿಯ ಡಬ್ಬಿ ದೊಡ್ಡ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಹಡಗಿನ ಹೊಟ್ಟೆಯಲ್ಲಿ. ಮೂರು ದಿನವೂ ನಾನು ಹುರಿಹಿಟ್ಟು ಕಲಸಿಕೊಂಡು ತಿಂದು, ಗೆರೆ ನೋಡಿಕೊಂಡು, ಗಟ್ಟಿಯಾಗಿದ್ದೆ. ಮೇಲೆ ಹೋಗಿ ಅವರ ತಟ್ಟೆ ತೊಳೆದು ಬರುವಾಗ ಕಾಲು ತಾನಾಗಿಯೇ ಅಗಲವಾಗಿ ಊರುತ್ತಿತ್ತು. ಆಗ ಆಯಮ್ಮನ ನಡಿಗೆ ನನಗೆ ತಿಳಿಯಿತು. ಅವಳ ಹಿಂದೆ ನಡೆದು ನಕ್ಕ ಮಕ್ಕಳಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ.

ರಂಗೂನಿನಲ್ಲಿ ಗಂಡುಮಗುವಾಯಿತು. ಬಾಣಂತನ ಮುಗಿಯಿತು. ನಾನು ಬಂದು ಏಳು ತಿಂಗಳಾದ ಮೇಲೆ ಊರಿನ ಮಾತೆತ್ತಿದರೆ ಭಾವ ಮತ್ತೆ ಗೋಡೆಗೆ ಹೇಳತೊಡಗಿದರು: "ಅವಳಿಗೆ ಹೇಳು, ಮಗುಗೆ ಹಲ್ಲು ಬರಲಿ ಅಂತ." ಹಲ್ಲು ಬಂದರೆ ನಡಿಗೆ, ನಡಿಗೆ ಬಂದರೆ ಇನ್ನೊಂದು ಬಸಿರು. ಜೀತಕ್ಕೆ ಕೊನೆಯಾದರೂ ಇದ್ದೀತು, ನೆಂಟಸ್ತಿಕೆಗೆ ಎಲ್ಲಿದೆ? ನಾನು ಚೀಲ ಬಿಚ್ಚಿ ಚೀಟಿಯನ್ನು ಅವರ ಊಟದ ಎಲೆಯ ಪಕ್ಕ ಇಟ್ಟೆ. ಆ ಚೀಟಿಯ ಅವಧಿ ಇನ್ನೂ ಉಳಿದಿತ್ತು. "ನಾನು ಹೋಗುತ್ತೇನೆ," ಎಂದೆ, ನೇರವಾಗಿ ಅವರಿಗೇ. ಪಾವಗಡದ ಕಡೆಯ ಕೂಲಿ ಹೆಂಗಸರು ಆ ವಾರದ ಹಡಗಿಗೆ ಊರಿಗೆ ಹೊರಟಿದ್ದರು. ಅವರ ಚಾಪೆಯ ಪಕ್ಕ ನನ್ನ ಚಾಪೆ ಹಾಸಿಕೊಂಡು ಬಂದೆ.

ಮಧುಗಿರಿಯ ಮನೆಯ ಮುಂದೆ ಬಂದು ನಿಂತೆ. ಮಗಳು ಜಗಲಿಯ ಮೇಲಿದ್ದಳು. ಒಂದು ಗಳಿಗೆ ನೋಡಿದಳು. "ಅವ್ವಾ, ಟಿಕೇಟು ತಂದ್ಯಾ?" ಎಂದು ಕೂಗಿಕೊಂಡು ಬಂದು ಕಾಲು ತಬ್ಬಿಕೊಂಡಳು.

ಅತ್ತೆ ಗೊಣಗಿದರು. "ಆ ಆಯಾ ದಿನಾ ಹಿತ್ತಲಿಗೆ ಬರ್ತಿದ್ಲು. ಬೇಡ ಅಂದ್ರೂ ಕೇಳಲಿಲ್ಲ. ಗೂಟದ ಮೇಲಿನ ನಿನ್ನ ಹಳೆ ಸೀರೆ ತೋರಿಸೋದು, ಯಾರ್ದು ಅನ್ನೋದು. ಅವ್ವಂದು ಅನ್ನಿಸೋದು. ಅವ್ವ ಬತ್ತಾಳೆ, ಟಿಕೇಟೈತೆ ಅಂತ ಹೇಳಿಕೊಡೋದು. ಇದೇ ಆಯ್ತು ಏಳು ತಿಂಗಳೂ."

ಹಿತ್ತಲಿಗೆ ಓಡಿದೆ. ಆಯಮ್ಮ ಬಚ್ಚಲ ಹೊಸಿಲ ಹತ್ತಿರ ನಿಂತಿದ್ದಳು. "ಬಂದ್ಬುಟ್ಟೆಯಾ? ವಾಂತಿ ಆಯ್ತಾ?" ಎಂದಳಷ್ಟೇ. ಚೀಲ ತೆಗೆಯಹೋದರೆ ಬೇಡವೆಂದು ಕೈ ಆಡಿಸಿದಳು. "ನಾನಿನ್ನೆಲ್ಲಿಗೋಗ್ಲಿ? ನೀನೇ ಇಕ್ಕೋ."

ಎರಡು ವರ್ಷದ ಮೇಲೆ ಒಂದು ಆಷಾಢದಲ್ಲಿ ಅವಳು ತೀರಿಕೊಂಡಳು. ನಮ್ಮ ಮನೆಯಿಂದ ಯಾರೂ ಹೋಗಕೂಡದು ಎಂದು ಅತ್ತೆ ಹೇಳಿದರು. ನಾನು ಮಗಳನ್ನು ಎತ್ತಿಕೊಂಡು ಮುಂಬಾಗಿಲಿನಿಂದಲೇ ಹೋದೆ. ಹೊರಲು ನಾಲ್ಕು ಜನ ಮಾತ್ರ ಸೇರಿದ್ದರು. ಅವಳ ಕೈಯಲ್ಲಿ ನೀರು ಹಾಕಿಸಿಕೊಂಡು ಬೆಳೆದ ಗಂಡಸರು ಬೀದಿ ತುಂಬ ಇದ್ದರು, ಒಬ್ಬನೂ ಅಂಗಡಿಯಿಂದ ಕೆಳಗಿಳಿಯಲಿಲ್ಲ. ಸಿರಾದಿಂದ ಅವಳ ಮಗಳು ಬಂದು ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಒಣಗಿತ್ತು. ನನ್ನ ಕೊರಳು ನೋಡಿ, "ಇದು ಆಯಾಂದಲ್ವಾ? ಏನೈತೆ ಇದ್ರಾಗೆ?" ಎಂದಳು.

ಅವಳು ಕೇಳಿದಳು. ಅವಳು ಕೇಳಿದ್ದು ಅದೇ ಮೊದಲು. ಅಲ್ಲಿಯೇ, ಹೆಣದ ಮುಂದೆಯೇ, ನಾನು ಎಲ್ಲವನ್ನೂ ಹೇಳಿದೆ. ದೊರೆಸಾನಿ ಬಿಟ್ಟುಹೋದದ್ದು, ಆ ಮನೆಯಲ್ಲಿ ಒಂದೂಮುಕ್ಕಾಲು ವರ್ಷ ಕಾದದ್ದು, ಬಂದಾಗ ನೀನು ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡದ್ದು. ಹೇಳುತ್ತಾ ಹೇಳುತ್ತಾ ನನಗೆ ಅವಳ ಮೇಲೆ, ಅವಳ ಅಜ್ಜಿಯ ಮೇಲೆ, ಊರಿನ ಮೇಲೆ ಸಿಟ್ಟು ಉಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಸಿರಾ ಎಷ್ಟು ದೂರ? ಎರಡು ವರ್ಷದಲ್ಲಿ ಒಂದು ದಿನ ಹೋಗಿ ಹೇಳಿ ಬರಬಹುದಿತ್ತು. ನಾಲ್ಕು ಸಲ ಸಮುದ್ರ ದಾಟಿದವಳ ಒಂದು ಮಾತನ್ನು ಸಿರಾಕ್ಕೆ ಮುಟ್ಟಿಸಲು ನನ್ನಿಂದ ಆಗಲಿಲ್ಲ.

ಆ ಹೆಂಗಸು ಹೊಸಿಲು ದಾಟಿ ಒಳಗೆ ಬಂದಳು. ತಾಯಿಯ ಆ ಅಗಲ ಪಾದಗಳ ಹತ್ತಿರ ಕೂತಳು. "ಅವ್ವಾ," ಎಂದಳು. ಹೊರುವವರು ಹೊತ್ತಾಯಿತು ಎಂದರು.