ತಮ್ಮ ತೊಡಿಸಿದ ಬಳೆ

ಗೌರಿ ಹಬ್ಬದ ದಿನ ಈಗ ನಮ್ಮ ಗೇಟು ತೆರೆಯುವವರು ಪಾರ್ಸಲ್ ಹುಡುಗರು ಮಾತ್ರ, ಅದೂ ಮೇಲಿನ ಬಾಡಿಗೆಯವರಿಗೆ. ಆದರೂ ಬೆಳಿಗ್ಗೆ ಗೇಟು ಸದ್ದಾದರೆ ಸೆರಗು ಸರಿಮಾಡಿಕೊಂಡು ಏಳುತ್ತೇನೆ. ನನ್ನ ತಮ್ಮ ತವರಿನ ಬಾಗಿನ ತರುತ್ತಿದ್ದ ಹೊತ್ತು ಅದು. ಅಭ್ಯಾಸ ಬಿಡುವುದಿಲ್ಲ, ಏನು ಮಾಡಲಿ.

ಗಂಡ ತೀರಿಕೊಂಡಾಗ ನನಗೆ ಇನ್ನೂ ಚಿಕ್ಕ ವಯಸ್ಸು. ಕುಂದಲಹಳ್ಳಿಯಲ್ಲಿ ಆಗ ನಮ್ಮ ಹಿತ್ತಿಲಾಚೆ ರಾಗಿ ಬೆಳೆಯುತ್ತಿತ್ತು. ಬಾಗಿನ ಮುತ್ತೈದೆಯರಿಗೆ ಮಾತ್ರ, ವಿಧವೆಗೆ ಕೊಡುವ ಪದ್ಧತಿಯಿಲ್ಲ. ಹಾಗಾಗಿ ಆ ವರ್ಷ ಹಬ್ಬದ ದಿನ ಅಡುಗೆಮನೆ ಬಿಟ್ಟು ಈಚೆ ಬಂದಿರಲಿಲ್ಲ. ತಮ್ಮನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಜೋಡಿ ಮೊರ ತಲೆ ಮೇಲೆ ಹೊತ್ತು ಬಂದೇಬಿಟ್ಟ.

ನಡುಮನೆಯಲ್ಲಿ ಕೂತಿದ್ದ ಗಂಡನ ದೊಡ್ಡಪ್ಪ, "ಮುಂಡೆಗೆ ಬಾಗಿನ ಕೊಡೋದು ಯಾವ ಶಾಸ್ತ್ರದಲ್ಲೈತೋ?" ಎಂದು ಗದರಿದರು.

"ಬಾಗಿನ ಕೊಡೋದು ಅಕ್ಕಂಗೆ, ಭಾವಂಗಲ್ಲ," ಎಂದ ತಮ್ಮ.

ನನ್ನನ್ನು ಈಚೆ ಕರೆದು, ಮೊರದಿಂದ ಹಸಿರು ಗಾಜಿನ ಬಳೆ ತೆಗೆದು, ಎಲ್ಲರೆದುರೇ ನನ್ನ ಬೋಳು ಕೈಗೆ ತೊಡಿಸಿದ. ಅವನೇನು ಬಳೆಗಾರನೇ, ಒತ್ತಿದ ರಭಸಕ್ಕೆ ಒಂದು ಒಡೆದು ರಕ್ತ ಬಂತು. ನಾನು ನೋವಿಗೆ ಅಳುತ್ತಿದ್ದೇನೆ ಅಂದುಕೊಂಡು ಅವನೂ ಅತ್ತ. ದೊಡ್ಡಪ್ಪ ಹಬ್ಬದೂಟಕ್ಕೂ ನಿಲ್ಲದೆ ಎದ್ದುಹೋದರು. ಅಲ್ಲಿಂದಾಚೆ ಪ್ರತಿ ಹಬ್ಬಕ್ಕೂ ಹೊಸ ಬಳೆ ತಂದ.

ಹೊಲ ಟೆಕ್ ಪಾರ್ಕ್ ಆಯಿತು. ಉಳಿದ ಸೈಟಿನಲ್ಲಿ ನಾನು ಬಾಡಿಗೆ ರೂಮು ಕಟ್ಟಿದೆ. ತಮ್ಮ ಮಹದೇವಪುರದಲ್ಲಿ ಲೀಡರ್ ಆದ. ಬಸ್ ಸ್ಟಾಪೇ ಕಾಣದ ಹಾಗೆ ಅವನ ಫ್ಲೆಕ್ಸು: ಮುಗಿದ ಕೈ, ನಗುಮುಖ, ಕೆಳಗೆ ಸಂಸ್ಕೃತಿ ಉಳಿಸಿ ಎಂಬ ದೊಡ್ಡಕ್ಷರ. ತಾಯಂದಿರೇ, ಅಕ್ಕತಂಗಿಯರೇ ಎಂದು ಮೈಕಿನ ಮುಂದೆ ಗಂಟಲು ಹರಿದುಕೊಳ್ಳುತ್ತಾನೆ. ಹೆಣ್ಣನ್ನು ಕಾಪಾಡುವುದೆಂದರೆ ಅವಳು ಯಾರ ಜೊತೆ ಬಾಳಬೇಕೆಂದು ತಾನು ತೀರ್ಮಾನಿಸುವುದು ಅಂತ ಯಾರು ಕಲಿಸಿದರೋ. ಕಲಿತದ್ದಂತೂ ಬಲು ಬೇಗ.

ಆಚೆ ವರ್ಷ ಹಿಂದಿನ ರೂಮಿಗೆ ಕಲಬುರಗಿ ಕಡೆಯ ಗಂಡ ಹೆಂಡತಿ ಬಂದರು. ಅವಳಿಗೆ ಗಾರ್ಮೆಂಟ್ಸ್ ಕೆಲಸ, ಅವನಿಗೆ ಟೈಲ್ಸ್ ಹಾಕುವ ಕೆಲಸ. ಅವಳು ಹಿಂದೂ, ಅವನು ಮುಸ್ಲಿಂ, ರಿಜಿಸ್ಟರ್ ಮದುವೆ. ಎರಡೂ ಮನೆಯವರು ಕೈಬಿಟ್ಟಿದ್ದರು.

ಹಬ್ಬದ ಬೆಳಿಗ್ಗೆ ತಮ್ಮ ಬಂದ. ಮೊರ ಕಾರಿನ ಹಿಂದಿನ ಸೀಟಿನಲ್ಲಿದ್ದದ್ದು ನನಗೆ ಕಾಣುತ್ತಿತ್ತು. ಅವನು ಹೊಸಿಲು ದಾಟಲಿಲ್ಲ.

"ಅಕ್ಕಾ, ಅವರನ್ನ ಖಾಲಿ ಮಾಡ್ಸು. ನನ್ನ ಹುಡುಗ್ರೇ ನಗ್ತಾವ್ರೆ. ನಮ್ಮ ಹೆಣ್ಮಕ್ಕಳನ್ನ ಕಾಪಾಡ್ತೀನಿ ಅಂತ ಊರೆಲ್ಲಾ ಹೇಳ್ಕಂಡು ತಿರುಗ್ತೀನಿ, ಅಕ್ಕನ ಮನೇಲೇ ಇಂಗಾದ್ರೆ ಎಂಗೆ?"

"ಕಾಪಾಡು ಅಂತ ಅವಳು ಕೇಳಿದ್ಲೇನೋ?"

"ಅವಳಿಗೇನ್ ಗೊತ್ತಾಯ್ತದೆ."

ಖಾಲಿ ಮಾಡಿಸಲ್ಲ ಎಂದೆ. ಫ್ಲೆಕ್ಸಿನ ನಗು ಎಲ್ಲಿ ಹೋಯಿತೋ.

"ಸರಿ ಬಿಡು. ವಿಧವೆಗೆ ಬಾಗಿನ ಕೊಡೋದು ಶಾಸ್ತ್ರದಲ್ಲೇ ಇಲ್ಲ. ಇಷ್ಟು ವರ್ಷ ಕೊಟ್ಟಿದ್ದೇ ನನ್ನ ತಪ್ಪು," ಅಂದ.

ಎಂದೋ ಸತ್ತ ದೊಡ್ಡಪ್ಪನ ಮಾತು ನನ್ನ ತಮ್ಮನ ಬಾಯಲ್ಲಿ ಬಂತು. ನನಗೆ ಬಳೆ ತೊಡಿಸಿದ್ದು ಅವನು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ, ಅದನ್ನೇ ತಪ್ಪು ಎನ್ನಿಸುವ ರಾಜಕೀಯ ಯಾವ ಸಂಸ್ಕೃತಿಯನ್ನು ಉಳಿಸೀತು? ಎರಡೂ ಕೈ ಮುಂದೆ ಚಾಚಿದೆ. ಹಿಂದಿನ ಹಬ್ಬಕ್ಕೆ ಅವನೇ ತಂದ ಹಸಿರು ಬಳೆ ತುಂಬಿಕೊಂಡಿದ್ದವು.

"ತೊಡಿಸಿದೋನು ನೀನು. ತಪ್ಪು ಅಂದ್ಮೇಲೆ ನೀನೇ ಒಡಿ."

ಅವನು ನನ್ನ ಕೈ ನೋಡಿದ. ಅಂದಿನ ಗಾಯದ ಗುರುತು ಇನ್ನೂ ಅಲ್ಲೇ ಇದೆ. ಮುಟ್ಟಲಿಲ್ಲ. ಕಾರು ಹತ್ತಿದ, ಬಾಗಿನವೂ ಅವನ ಜೊತೆ ಹೋಯಿತು.

ಮತ್ತೆ ಬಂದಿಲ್ಲ. ನೆಂಟರೂ ಅವನ ಹಿಂದೆಯೇ ಹೋದರು. ಹಿಂದಿನ ರೂಮಿನವರು ಇದ್ದಾರೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಒಳ್ಳೆಯವರೇ, ಆದರೆ ತಮ್ಮನ ಜಾಗ ಅವರದಲ್ಲ. ನಾನು ಮಾಡಿದ್ದು ಸರಿಯೇ. ಹಬ್ಬದ ಊಟಕ್ಕೆ ಎಲೆ ಹಾಕುವಾಗ ಮಾತ್ರ ಒಂದೇ ಎಲೆ, ಆಗ ಅಳು ಬರುತ್ತದೆ.

ಪಾತ್ರೆ ತೊಳೆಯುವಾಗ ಬಳೆಗಳು ಒಂದೊಂದಾಗಿ ಒಡೆದವು. ಅಂಗಡಿಯಲ್ಲಿ ಅಂಥವೇ ಸಿಗುತ್ತವೆ, ಕೊಂಡಿಲ್ಲ. ಎಡಗೈಯಲ್ಲಿ ಒಂದು ಉಳಿದಿದೆ. ಈಗ ಪಾತ್ರೆಯನ್ನು ಬಲಗೈಯೊಂದರಲ್ಲೇ ತೊಳೆಯುತ್ತೇನೆ.